ಬೈಕ್ ಕಂಡ ಕಾರಿಗೆ ಹುಲ್ಲಿನ ಟ್ರ್ಯಾಲಿ ಯಾಕೆ ಕಾಣಲಿಲ್ಲ?

ನಮ್ಮ ದೊಡ್ಡಪ್ಪನ ಮಗ ಹೊಸ ಕಾರು ತಗೊಂಡು ಇನ್ನೂ ತಿಂಗಳಾಗಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹೊಸಪೇಟೆಯಿಂದ ಗಂಗಾವತಿಗೆ ವಾಪಸ್ ಬರುತ್ತಿದ್ದೆವು. ಮುನಿರಾಬಾದ್ ದಾಟಿದ ಮೇಲೆ ಎಡಗಡೆ ಮಣ್ಣಿನ ದಾರಿಯಿಂದ ಒಂದು ಬೈಕ್ ಸೀದಾ ನಮ್ಮ ಮುಂದೆ ಬಂತು. ಮೂರು ಜನ ಕೂತಿದ್ದರು, ಒಬ್ಬರೂ ಹಿಂದೆ ತಿರುಗಿ ನೋಡಲಿಲ್ಲ. ನಮ್ಮ ವೇಗ ಅರವತ್ತರ ಹತ್ತಿರ ಇತ್ತು. ಮೀಟರಿನಲ್ಲಿ ಕೆಂಪು ಚಿತ್ರ ಮಿಂಚಿತು, ಪೀಂ ಪೀಂ ಅಂತ ಸದ್ದಾಯಿತು, ಅಷ್ಟರಲ್ಲೇ ಕಾರು ಗಕ್ಕನೆ ಹಿಡಿದುಕೊಂಡಿತು. ಸೀಟ್ ಬೆಲ್ಟ್ ಎದೆಗೆ ಒತ್ತಿತು. ಹಿಂದಿನ ಸೀಟಿನಲ್ಲಿದ್ದ ನೀರಿನ ಬಾಟ್ಲಿ ಉರುಳಿ ಬಂದು ನನ್ನ ಕಾಲ ಬಳಿ ಬಿತ್ತು. ಅಣ್ಣ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದ. "ಏ ತಮ್ಮಾ, ನಾ ಬ್ರೇಕ್ ತುಳದಿಲ್ಲೋ. ತಾನ ನಿಂತ್ತು!" ಅಂದ. ಬೈಕಿನವರು ಆಗಲೇ ಮುಂದೆ ಹೋಗಿದ್ದರು.

ಹತ್ತು ದಿನ ಬಿಟ್ಟು ಅದೇ ಕಾರಿನಲ್ಲಿ ಕಾರಟಗಿಯಿಂದ ಬರುತ್ತಿದ್ದೆವು. ರಾತ್ರಿ ಎಂಟೂವರೆ. ಭತ್ತದ ಕಟಾವು ಮುಗಿಯುತ್ತಾ ಬಂದಿತ್ತು. ಎದುರಿಗೆ ಲಾರಿಯೊಂದು ಹೈ ಬೀಮ್ ಹಾಕಿಕೊಂಡೇ ಬರುತ್ತಿತ್ತು. ಅದರ ಬೆಳಕು ಪಕ್ಕಕ್ಕೆ ಸರಿದ ಮೇಲೆ ಕಣ್ಣ ಮುಂದೆ ಒಂದು ಕಪ್ಪು ಗುಡ್ಡೆ. ಹುಲ್ಲು ಹೇರಿದ ಟ್ರ್ಯಾಲಿ ಪಂಕ್ಚರ್ ಆಗಿ ರಸ್ತೆಯ ಮೇಲೇ ನಿಂತಿತ್ತು. ಹಿಂದೆ ದೀಪ ಇಲ್ಲ, ಹೊಳೆಯುವ ಪಟ್ಟಿ ಇಲ್ಲ. ಅಣ್ಣ ಇದ್ದ ಬಲವೆಲ್ಲ ಹಾಕಿ ಬ್ರೇಕ್ ತುಳಿದ. ಎರಡು ಮಾರು ದೂರದಲ್ಲಿ ಕಾರು ನಿಂತಿತು. ಈ ಸಲ ಕೆಂಪು ಚಿತ್ರ ಬರಲಿಲ್ಲ, ಪೀಂ ಅನ್ನಲೂ ಇಲ್ಲ. ಕಾರಿಗೆ ಆ ಟ್ರ್ಯಾಲಿ ಕಂಡೇ ಇರಲಿಲ್ಲ.

"ಹಂಗಾದ್ರ ಇದಕ್ಕ ರೊಕ್ಕ ಕೊಟ್ಟಿದ್ದು ಸುಮ್ನೇನು?" ಅಂತ ಅಣ್ಣ ಕೇಳಿದ. ಸಿಟ್ಟಿನಲ್ಲಿ ಕೇಳಿದ್ದು, ಆದರೆ ಕೇಳಲೇಬೇಕಾದ ಪ್ರಶ್ನೆ. ನಮ್ಮ ಕಡೆ ಈಗ ಹೊಸ ಕಾರು ನೋಡಲು ಹೋದವರೆಲ್ಲ "ಅಡಾಸ್ ಐತೇನ್ರೀ?" ಅಂತಲೇ ಶುರು ಮಾಡುತ್ತಾರೆ. ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಅಂತ ಶೋರೂಮಿನಲ್ಲಿ ಬಿಡಿಸಿ ಹೇಳುವವರು ಕಡಿಮೆ.

ಅಡಾಸ್ ಅಂದರೆ ಒಂದೇ ಯಂತ್ರ ಅಲ್ಲ. ಗಾಡಿ ಓಡಿಸುವವನಿಗೆ ನೆರವಾಗುವ ಹತ್ತಾರು ಸೌಲಭ್ಯಗಳಿಗೆ ಒಟ್ಟಾಗಿ ಇಟ್ಟ ಹೆಸರು. ಮುಂದಿನ ಗಾಡಿಗೆ ತಕ್ಕಂತೆ ವೇಗ ಏರಿಸಿ ಇಳಿಸುವ ಕ್ರೂಸ್ ಕಂಟ್ರೋಲ್, ಬಿಳಿ ಪಟ್ಟೆ ಬಿಟ್ಟು ಹೋಗದಂತೆ ಸ್ಟೇರಿಂಗ್ ತಿದ್ದುವುದು, ಪಕ್ಕದಲ್ಲಿ ಮರೆಯಾದ ಗಾಡಿ ತೋರಿಸುವುದು, ಎಲ್ಲವೂ ಇದರಲ್ಲಿ ಬರುತ್ತವೆ. ಇವುಗಳಲ್ಲಿ ಜೀವ ಉಳಿಸುವ ವಿಷಯಕ್ಕೆ ಬಂದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯದ್ದೇ ದೊಡ್ಡ ಪಾತ್ರ ಅಂತ ನನ್ನ ಅಭಿಪ್ರಾಯ. ಎಬಿಎಸ್ ಬೇರೆ. ನೀವು ಬ್ರೇಕ್ ತುಳಿದಾಗ ಚಕ್ರ ಜಾಮ್ ಆಗಿ ಜಾರದಂತೆ ನೋಡಿಕೊಳ್ಳುವುದು ಮಾತ್ರ ಅದರ ಕೆಲಸ. ತುಳಿಯುವುದು ನೀವೇ. ಎಂಬತ್ತು ದಾಟಿದರೆ ಟಿಂಗ್ ಅನ್ನುವುದನ್ನೂ ಕೆಲವರು ಅಡಾಸ್ ಅಂದುಕೊಂಡಿದ್ದಾರೆ. ಅದು 2019ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ವೇಗದ ಎಚ್ಚರಿಕೆ, ಅಷ್ಟೇ.

ತಾನೇ ಬ್ರೇಕ್ ಹಾಕುವ ಕಾರಿಗೆ ಸಾಮಾನ್ಯವಾಗಿ ಎರಡು ಬಗೆಯ ಕಣ್ಣು. ಒಂದು ಕ್ಯಾಮೆರಾ. ಮುಂದಿನ ಗಾಜಿನ ಒಳಗೆ, ಕನ್ನಡಿಯ ಹಿಂದೆ ಕೂತಿರುತ್ತದೆ. ಇನ್ನೊಂದು ರೇಡಾರ್. ಮುಂದಿನ ಬಂಪರ್ ಅಥವಾ ಗ್ರಿಲ್‌ನ ಹಿಂದೆ ಅಂಗೈಯಷ್ಟು ಅಗಲದ ಡಬ್ಬಿ. ಕ್ಯಾಮೆರಾ ನೋಡಿದ್ದನ್ನು "ಇದು ಕಾರು, ಇದು ಮನುಷ್ಯ, ಇದು ಸೈಕಲ್" ಅಂತ ಗುರುತಿಸುತ್ತದೆ. ರೇಡಾರ್ ರೇಡಿಯೋ ಅಲೆ ಬಿಟ್ಟು, ಅದು ಬಡಿದು ವಾಪಸ್ ಬರುವುದನ್ನು ಅಳೆದು, ಎದುರಿನ ವಸ್ತು ಎಷ್ಟು ದೂರ ಇದೆ, ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದೆ ಅಂತ ಹೇಳುತ್ತದೆ. ಇವೆರಡನ್ನೂ ಕೂಡಿಸಿ ಒಳಗಿನ ಕಂಪ್ಯೂಟರ್ ಒಂದೇ ಲೆಕ್ಕ ಮಾಡುತ್ತಾ ಇರುತ್ತದೆ: ಹೀಗೇ ಹೋದರೆ ಗುದ್ದುವುದಕ್ಕೆ ಇನ್ನೆಷ್ಟು ಸೆಕೆಂಡು?

ಆ ಲೆಕ್ಕ ಎರಡು ಎರಡೂವರೆ ಸೆಕೆಂಡಿನ ಹತ್ತಿರ ಬಂದರೆ ಮೊದಲು ಸದ್ದು, ಕೆಂಪು ಚಿತ್ರ. ಚಾಲಕ ಸುಮ್ಮನಿದ್ದರೆ ಕೆಲವು ಕಾರುಗಳು ಮೆಲ್ಲಗೆ ಬ್ರೇಕ್ ತಾಗಿಸಿ ಎಚ್ಚರಿಸುತ್ತವೆ. ಆಗಲೂ ಕಾಲು ಬರದಿದ್ದರೆ ಕೊನೆಗೆ ಪೂರ್ತಿ ಬ್ರೇಕ್. ಅಂದರೆ ಇದು ಕೊನೇ ಗಳಿಗೆಯಲ್ಲಿ ನುಗ್ಗುವ ವ್ಯವಸ್ಥೆ. ಮೊದಲೇ ಬ್ರೇಕ್ ಹಾಕಿದರೆ ಓವರ್‌ಟೇಕ್ ಮಾಡುವವರಿಗೆಲ್ಲ ಕಾಟ ಆಗುತ್ತದೆ ಅಂತಲೇ ಅದನ್ನು ಹಾಗೆ ಮಾಡಿದ್ದಾರೆ.

ಕೊನೇ ಗಳಿಗೆ ಅಂದರೆ ಎಷ್ಟು ನೆಲ ಅಂತ ನೋಡೋಣ. ಗಂಟೆಗೆ 80 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡು ಹಿಡಿಯಿರಿ. ಅಷ್ಟರಲ್ಲೇ 33 ಮೀಟರ್ ಹೋಯಿತು. ಒಣ ಡಾಂಬರಿನಲ್ಲಿ ಒಳ್ಳೆಯ ಟೈರ್ ಇದ್ದರೂ ನಿಲ್ಲಲು ಮತ್ತೆ 35 ಮೀಟರ್ ಬೇಕು. ಒಟ್ಟು 68 ಮೀಟರ್. ಯಂತ್ರಕ್ಕೆ ಆ ಒಂದೂವರೆ ಸೆಕೆಂಡು ಬೇಕಾಗಿಲ್ಲ. ಅದರ ದೊಡ್ಡ ಲಾಭ ಅಲ್ಲಿಯೇ ಇದೆ. ಪೂರ್ತಿ ನಿಲ್ಲಿಸಲು ಆಗದಿದ್ದರೂ 80ರಲ್ಲಿ ಗುದ್ದಬೇಕಾದ್ದು 40ಕ್ಕೆ ಇಳಿದರೆ ಗುದ್ದುವ ಶಕ್ತಿ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಜೀವ ಹೋಗುವ ಕಡೆ ಕಾಲು ಮುರಿದುಕೊಂಡು ಬದುಕುತ್ತಾರೆ.

ಇದು ಬರೀ ಲೆಕ್ಕದ ಮಾತಲ್ಲ. ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಿನಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು ರಸ್ತೆಯ ಮೇಲಿನ ನಿಜವಾದ ಅಪಘಾತಗಳನ್ನು ತೂಗಿ ನೋಡಿದೆ. ಈ ಬ್ರೇಕ್ ಇರುವ ಕಾರುಗಳು ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬರೀ ಎಚ್ಚರಿಕೆಯ ಸದ್ದು ಮಾಡುವ ಕಾರುಗಳಲ್ಲಿ ಇಳಿಕೆ ಕಾಲು ಭಾಗದಷ್ಟು ಮಾತ್ರ. ಹಾಗಾಗಿ ಕಾರು ಕೊಳ್ಳುವಾಗ "ಎಚ್ಚರಿಕೆ ಕೊಡುತ್ತೆ" ಅನ್ನುವುದಕ್ಕೂ "ತಾನೇ ಬ್ರೇಕ್ ಹಾಕುತ್ತೆ" ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳಿ. ಅದೇ ಸಂಸ್ಥೆ ಪಾದಚಾರಿಗಳ ವಿಷಯವನ್ನೂ ನೋಡಿತು. ಒಟ್ಟಾರೆ ಪಾದಚಾರಿಗಳಿಗೆ ಗುದ್ದುವುದು ನೂರಕ್ಕೆ 27ರಷ್ಟು ಇಳಿದಿತ್ತು. ಆದರೆ ಬೀದಿದೀಪ ಇಲ್ಲದ ಕತ್ತಲ ರಸ್ತೆಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಆ ಕೊನೆಯ ಸಾಲು ಓದಿದಾಗ ನನಗೆ ನೆನಪಾಗಿದ್ದು ಹುಲಿಗಿಯ ಹುಣ್ಣಿಮೆ. ಹುಲಿಗೆಮ್ಮನ ದರ್ಶನಕ್ಕೆ ಊರೂರಿನಿಂದ ಜನ ನಡೆದು ಬರುತ್ತಾರೆ. ಬಿಸಿಲಿಗೆ ಹೆದರಿ ರಾತ್ರಿಯೇ ನಡೆಯುತ್ತಾರೆ. ರಸ್ತೆಯ ಅಂಚಿನಲ್ಲಿ ಮಣ್ಣು, ಮುಳ್ಳು, ಅದಕ್ಕೇ ಡಾಂಬರಿನ ಮೇಲೆ ಕಾಲಿಡುತ್ತಾರೆ. ತಲೆಯ ಮೇಲೆ ಗಂಟು, ಹೆಗಲ ಮೇಲೆ ಮಗು. ಕ್ಯಾಮೆರಾಕ್ಕೆ ಕಲಿಸಿರುವ ಮನುಷ್ಯನ ಆಕಾರಕ್ಕೆ ತಲೆ ಮೇಲಿನ ಗಂಟು, ಕಂಬಳಿ ಹೊದ್ದ ಮೈ ಸುಲಭವಾಗಿ ಹೊಂದುವುದಿಲ್ಲ. ಹಗಲಲ್ಲಿ ಗುರುತಿಸಿದರೂ ಗುರುತಿಸೀತು. ಕತ್ತಲಲ್ಲಿ ಅದನ್ನು ನಂಬಿ ಓಡಿಸುವ ಹಾಗಿಲ್ಲ.

ಈಗ ಟ್ರ್ಯಾಲಿಯ ಮಾತಿಗೆ ಬರೋಣ. ಅಷ್ಟು ದೊಡ್ಡ ಗುಡ್ಡೆ ರೇಡಾರಿಗೆ ಕಾಣಲಿಲ್ಲ ಅಂದರೆ ಹೇಗೆ? ಅಲೆ ಬಡಿದು ವಾಪಸ್ ಬಂದೇ ಇರುತ್ತದೆ. ತೊಂದರೆ ಇರುವುದು ನಿಂತ ವಸ್ತುವಿನಲ್ಲಿ. ಚಲಿಸುವ ಗಾಡಿಯನ್ನು ರೇಡಾರ್ ಸಲೀಸಾಗಿ ಬೇರೆ ಮಾಡಿ ನೋಡುತ್ತದೆ, ಯಾಕೆಂದರೆ ಅದರ ವೇಗ ಸುತ್ತಲಿನದಕ್ಕಿಂತ ಬೇರೆ. ನಿಂತದ್ದರ ಕಥೆ ಹಾಗಲ್ಲ. ಸೇತುವೆಯ ಗೋಡೆ, ಊರಿನ ಹೆಸರಿನ ಬೋರ್ಡು, ತಿರುವಿನ ಕಂಬ, ರಸ್ತೆಯ ಮೇಲಿನ ಕಬ್ಬಿಣದ ಮುಚ್ಚಳ, ಎಲ್ಲವೂ ನಿಂತಿವೆ, ಎಲ್ಲವೂ ಅಲೆಯನ್ನು ವಾಪಸ್ ಕಳಿಸುತ್ತವೆ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಕಾರು ಊರು ಮುಟ್ಟುವುದೇ ಇಲ್ಲ. ಅದಕ್ಕೆ ತಯಾರಕರು ನಿಂತ ವಸ್ತುಗಳ ಸುದ್ದಿಯನ್ನು ರೇಡಾರ್ ಒಂದರಿಂದಲೇ ನಂಬುವುದಿಲ್ಲ. ಕ್ಯಾಮೆರಾ "ಹೌದು, ಅದು ಗಾಡಿಯೇ" ಅಂತ ಸಾಕ್ಷಿ ಹೇಳಬೇಕು.

ಆ ರಾತ್ರಿ ಕ್ಯಾಮೆರಾ ಏನಂತ ಸಾಕ್ಷಿ ಹೇಳೀತು? ಗಾಡಿಯ ಹಿಂಭಾಗ ಅಂದರೆ ಅದಕ್ಕೆ ಗೊತ್ತಿರುವುದು ಎರಡು ಕೆಂಪು ದೀಪ, ನಂಬರ್ ಪ್ಲೇಟು, ಕೆಳಗೆ ಎರಡು ಟೈರು, ಚೌಕಟ್ಟಾದ ಆಕಾರ. ಹುಲ್ಲು ಹೇರಿದ ಟ್ರ್ಯಾಲಿಗೆ ಇದರಲ್ಲಿ ಒಂದೂ ಇರಲಿಲ್ಲ. ಹುಲ್ಲು ಎರಡೂ ಕಡೆ ಇಳಿಬಿದ್ದು ಟೈರು ಮುಚ್ಚಿತ್ತು. ಮೇಲೆ ಎದುರು ಲಾರಿಯ ಬೆಳಕು ಬೇರೆ. ಕಡಿಮೆ ವೇಗದಲ್ಲಿ, ಹಗಲಲ್ಲಿ, ನಿಂತ ಕಾರನ್ನು ಇಂದಿನ ವ್ಯವಸ್ಥೆಗಳು ಚೆನ್ನಾಗಿಯೇ ಹಿಡಿಯುತ್ತವೆ. ವೇಗ ಏರಿದಂತೆ, ಕತ್ತಲಾದಂತೆ, ಆಕಾರ ಅಪರಿಚಿತವಾದಂತೆ ಕೈ ಬಿಡುತ್ತವೆ. ಕಾರಿನ ಜೊತೆ ಕೊಡುವ ದಪ್ಪ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿರುತ್ತಾರೆ: ನಿಂತ ವಾಹನ, ಪ್ರಾಣಿ, ವಿಚಿತ್ರ ಆಕಾರದ ಹೊರೆ ಗುರುತಿಸದೇ ಹೋಗಬಹುದು ಅಂತ. ಅಣ್ಣನ ಕಾರಿನ ಪುಸ್ತಕ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಆ ರಾತ್ರಿ ಮನೆಗೆ ಬಂದು ಇಬ್ಬರೂ ಕೂತು ಓದಿದೆವು.

ಓದುತ್ತಾ ಹೋದಂತೆ ನಮ್ಮ ರಸ್ತೆಗಳೇ ಕಣ್ಣ ಮುಂದೆ ಬಂದವು. ಪ್ರಾಣಿ ಅಂದರೆ ಕುಷ್ಟಗಿ ಕಡೆಯ ಹೆದ್ದಾರಿ ದಾಟುವ ಕುರಿ ಹಿಂಡು. ಬಿಳಿ ಪಟ್ಟೆ ಅಂದರೆ ಸಿಂಧನೂರು, ಕಾರಟಗಿ ಕಡೆ ಅರ್ಧ ರಸ್ತೆಗೆ ಭತ್ತ ಹರವಿದಾಗ ಅದರ ಕೆಳಗೆ ಮಾಯವಾಗುವ ಪಟ್ಟೆ. ಇದರಲ್ಲಿ ನನಗೆ ಜಾಸ್ತಿ ಭಯ ಆಗುವುದು ಕಲ್ಲಿನದು. ಹರವಿದ ಕಾಳಿನ ಮೇಲೆ ಗಾಡಿ ಹತ್ತದಿರಲಿ ಅಂತ ಸುತ್ತ ತೆಂಗಿನಕಾಯಿ ಗಾತ್ರದ ಕಲ್ಲು ಇಡುತ್ತಾರೆ. ಸಂಜೆ ಕಾಳು ತುಂಬಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತದೆ. ಅದು ಕ್ಯಾಮೆರಾಕ್ಕೂ ಲೆಕ್ಕಕ್ಕಿಲ್ಲ, ರೇಡಾರಿಗೂ ಲೆಕ್ಕಕ್ಕಿಲ್ಲ. ಬೈಕಿನವನ ಮುಂದಿನ ಚಕ್ರಕ್ಕೆ ಸಿಕ್ಕರೆ ಮಾತ್ರ ಅದರ ಲೆಕ್ಕ ಗೊತ್ತಾಗುತ್ತದೆ. ಒಣಗಿಸಲು ಕಣ ಇಲ್ಲದೆ ರೈತ ರಸ್ತೆಗೆ ಬರುತ್ತಾನೆ ಅನ್ನುವುದೂ ನಿಜ. ಊರಿಗೊಂದು ಕಾಂಕ್ರೀಟ್ ಕಣ ಮಾಡಿಕೊಟ್ಟರೆ ಅದೂ ರಸ್ತೆ ಸುರಕ್ಷತೆಯ ಕೆಲಸವೇ.

ಇನ್ನು ಧೂಳು. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವವರಿಗೆ ಗೊತ್ತು, ಅದಿರು ಲಾರಿಗಳ ಹಿಂದೆ ಅರ್ಧ ಗಂಟೆ ಹೋದರೆ ಬಿಳಿ ಕಾರು ಕೆಂಪಾಗುತ್ತದೆ. ಆ ಕೆಂಪು ಪುಡಿ ಮಳೆಯಲ್ಲಿ ಕೆಸರಾಗಿ ಬಂಪರಿಗೆ ಮೆತ್ತಿ ಒಣಗುತ್ತದೆ. ರೇಡಾರ್ ಇರುವುದು ಅದರ ಹಿಂದೆಯೇ. ವೈಪರ್ ಗಾಜು ಒರೆಸುತ್ತದೆ, ಬಂಪರ್ ಒರೆಸುವವರು ಯಾರು? "ಸೆನ್ಸರ್ ಮುಚ್ಚಿದೆ" ಅನ್ನುವ ಸಂದೇಶ ಬಂದಾಗ ಅದೇನೋ ಕಂಪ್ಯೂಟರ್ ಗಲಾಟೆ ಅಂತ ಮುಂದೆ ಹೋಗುತ್ತೇವೆ. ಆ ಹೊತ್ತಿಗೆ ಬ್ರೇಕ್ ನೆರವು ಬಂದ್ ಆಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಯುಧ ಪೂಜೆಯ ದಿನವೂ ಅಷ್ಟೇ. ಹೂವಿನ ಹಾರ, ಬಾಳೆಕಂದು ಗ್ರಿಲ್‌ಗೆ ಕಟ್ಟಿ, ಗಾಜಿನ ನಡುವೆ ವಿಭೂತಿ ಎಳೆದು ಓಡಿಸುತ್ತೇವಲ್ವಾ? ಪೂಜೆ ಆಗಲಿ, ಚೆನ್ನಾಗಿಯೇ ಆಗಲಿ. ಕನ್ನಡಿಯ ಹಿಂದಿನ ಆ ಜಾಗ ಮತ್ತು ಗ್ರಿಲ್‌ನ ನಡುಭಾಗ ಮಾತ್ರ ಬಿಟ್ಟುಬಿಡಿ.

ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವವರು ಇನ್ನೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ ಅಂತ 2017ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ರೇಡಾರ್ ಇರುವ ಕಾರಿಗೆ ಹಾಕಿಸಿದರೆ ಕಣ್ಣಿಗೆ ಕೈ ಅಡ್ಡ ಹಿಡಿದ ಹಾಗೆ. ಬಂಪರ್ ಒಡೆದು ಪುಟ್ಟಿ ಹಾಕಿ ದಪ್ಪಗೆ ಪೇಂಟ್ ಬಳಿದರೂ ಅಲೆ ಸರಿಯಾಗಿ ದಾಟುವುದಿಲ್ಲ. ಕಲ್ಲು ಸಿಡಿದು ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಲೇಬೇಕು. ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ಆಚೆ ಅದು ಪಕ್ಕದ ಸಾಲನ್ನು ನೋಡುತ್ತಿರುತ್ತದೆ. ಗಾಜು ಹಾಕಿಸುವಾಗ ಈ ಕೆಲಸ ಬಿಲ್ಲಿನಲ್ಲಿ ಇದೆಯಾ ನೋಡಿ.

"ಹಂಗಾದ್ರ ಬಂದ್ ಮಾಡಿ ಇಡ್ತೀನಿ" ಅಂದ ಅಣ್ಣ. ಅವನೊಬ್ಬನೇ ಅಲ್ಲ, ಸುಮಾರು ಜನ ಹಾಗೇ ಮಾಡಿದ್ದಾರೆ. ಪೇಟೆಯೊಳಗೆ ಆಟೋ ಅಡ್ಡ ಬಂದರೂ ಪೀಂ, ಓವರ್‌ಟೇಕ್‌ಗೆ ಹೋದರೂ ಪೀಂ. ಇಲ್ಲದ್ದಕ್ಕೆ ಬ್ರೇಕ್ ಹಾಕುವುದೂ ಇದೆ, ಆಗ ಹಿಂದೆ ಒತ್ತಿಕೊಂಡು ಬರುವ ಲಾರಿಯ ಭಯ. ಈ ಭಯ ಸುಳ್ಳಲ್ಲ. ಆದರೂ ಬಂದ್ ಮಾಡಬಾರದು ಅಂತಲೇ ನಾನು ಹೇಳಿದೆ. ಸ್ಟೇರಿಂಗ್ ತಿದ್ದುವ ಲೇನ್ ನೆರವು ನಮ್ಮ ಒಳರಸ್ತೆಗಳಲ್ಲಿ ಕಾಟವಾದರೆ ಅದೊಂದನ್ನು ನಿಲ್ಲಿಸಿ. ಎಚ್ಚರಿಕೆಯ ದೂರವನ್ನು ಸೆಟ್ಟಿಂಗ್‌ನಲ್ಲಿ ಬೇಕಾದ ಹಾಗೆ ಇಟ್ಟುಕೊಳ್ಳಿ. ಬ್ರೇಕ್ ಮಾತ್ರ ಆನ್ ಇರಲಿ. ಹೆಚ್ಚಿನ ಕಾರುಗಳಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ, ಇಲ್ಲವೇ ಸ್ಟೇರಿಂಗ್ ಸರ್ರನೆ ತಿರುಗಿಸಿದರೆ "ಚಾಲಕನಿಗೆ ಗೊತ್ತಿದೆ" ಅಂತ ಯಂತ್ರ ಹಿಂದೆ ಸರಿಯುತ್ತದೆ. ತಪ್ಪು ಬ್ರೇಕ್ ಬಿದ್ದಾಗ ಇದು ನೆನಪಿರಬೇಕು. ನಿಜವಾದ ಬ್ರೇಕ್ ಬಿದ್ದಾಗ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಬಾರದು ಅನ್ನುವುದೂ ನೆನಪಿರಬೇಕು. ಆಗ ಕಾಲು ಬ್ರೇಕಿನ ಮೇಲೆಯೇ ಬರಲಿ, ಪೆಡಲ್ ಡರ್‌ರ್ ಅಂತ ನಡುಗಿದರೂ ಬಿಡಬೇಡಿ. ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಗುರುತು.

"ಲೆವೆಲ್ 2" ಅನ್ನುವ ಮಾತು ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಅನ್ನುವುದಕ್ಕೆ ಇರುವ ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ಎರಡು ಅಂದರೆ ವೇಗ, ಸ್ಟೇರಿಂಗ್ ಎರಡಕ್ಕೂ ಒಟ್ಟಿಗೆ ಕಾರು ಕೈ ಜೋಡಿಸುತ್ತದೆ. ರಸ್ತೆ ನೋಡುವ ಹೊಣೆ ಪೂರ್ತಿ ನಿಮ್ಮದೇ. ಕೈ ಬಿಟ್ಟು ವಿಡಿಯೋ ಮಾಡುವ ಹುಡುಗರಿಗೆ ಇದನ್ನು ಮನೆಯವರೇ ಹೇಳಬೇಕು.

ಬಳ್ಳಾರಿ, ಕೊಪ್ಪಳ, ರಾಯಚೂರು, ಈ ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಈ ವ್ಯವಸ್ಥೆ ಕಾರಿಗಿಂತ ಮೊದಲು ಲಾರಿಗೆ ಬೇಕಿತ್ತು. ಬಳ್ಳಾರಿಯ ಅದಿರು, ಗಿಣಿಗೇರಿಯ ಉಕ್ಕು, ಗಂಗಾವತಿ, ಸಿಂಧನೂರಿನ ಅಕ್ಕಿ, ರಾಯಚೂರಿನ ಹತ್ತಿ, ಎಲ್ಲವೂ ಹೋಗುವುದು ಲಾರಿಯಲ್ಲೇ, ಅದರಲ್ಲೂ ರಾತ್ರಿ. ತುಂಬಿದ ಲಾರಿ ನಿಲ್ಲಲು ಕಾರಿಗಿಂತ ಎಷ್ಟೋ ಜಾಸ್ತಿ ಜಾಗ ಬೇಕು. ಯುರೋಪಿನಲ್ಲಿ 2015ರ ಹೊತ್ತಿಗೆ ಹೊಸ ಭಾರಿ ಲಾರಿಗಳಿಗೆ ಇದನ್ನು ಕಡ್ಡಾಯ ಮಾಡಿದರು. ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ ಆಗಿದ್ದು 2024ರಲ್ಲಿ. ಅಂದರೆ ಅವರು ಲಾರಿಯಿಂದಲೇ ಶುರು ಮಾಡಿದರು. ನಮ್ಮಲ್ಲಿ ಉಲ್ಟಾ ಆಯಿತು, 2021ರ ನಂತರ ದುಬಾರಿಯಲ್ಲದ ಕಾರುಗಳಿಗೂ ಬಂತು, ಲಾರಿ ಹಾಗೇ ಉಳಿಯಿತು. 2025ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಒಂದು ಕರಡು ನಿಯಮ ಹೊರಡಿಸಿತು. ಹೊಸ ಬಸ್ಸು, ಲಾರಿಗಳಿಗೆ ತಾನೇ ಹಾಕುವ ಬ್ರೇಕ್, ಸಾಲು ಬಿಟ್ಟರೆ ಎಚ್ಚರಿಕೆ, ಚಾಲಕ ತೂಕಡಿಸಿದರೆ ಎಚ್ಚರಿಕೆ ಇರಬೇಕು ಅಂತ ಅದರಲ್ಲಿದೆ. ಒಳ್ಳೆಯ ಹೆಜ್ಜೆ. ತೂಕಡಿಕೆಯ ಎಚ್ಚರಿಕೆಯ ಜೊತೆಗೆ ಡ್ರೈವರಿಗೆ ನಿದ್ದೆ ಮಾಡಲು ಜಾಗವೂ ಸಮಯವೂ ಸಿಗಬೇಕು. ಎರಡು ರಾತ್ರಿ ಕಣ್ಣು ಮುಚ್ಚದವನ ಮುಂದೆ ಯಂತ್ರ ಎಷ್ಟು ಕೂಗಿದರೂ ಅಷ್ಟೇ. ಈಗ ರಸ್ತೆಯಲ್ಲಿರುವ ಹಳೇ ಲಾರಿಗಳಿಗೆ ಈ ನಿಯಮ ತಾಗುವುದಿಲ್ಲ. ಅವು ಇನ್ನೂ ಹತ್ತು ಹದಿನೈದು ವರ್ಷ ಓಡುತ್ತವೆ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಜನ ಬೈಕು, ಸ್ಕೂಟರಿನವರು. ಐವರಲ್ಲಿ ಒಬ್ಬರ ಹತ್ತಿರ ಹತ್ತಿರ ನಡೆದು ಹೋಗುತ್ತಿದ್ದವರು. ಅಡಾಸ್ ಇರುವ ಕಾರಿನೊಳಗೆ ಅವರು ಕೂತಿಲ್ಲ. ಆ ಕಾರಿಗೆ ಅವರು ಕಾಣಬೇಕು, ಅಷ್ಟೇ.

ಕಾರಟಗಿಯ ಹತ್ತಿರ ನಮ್ಮ ಸೋದರಮಾವನ ಹೊಲ ಇದೆ, ಟ್ರ್ಯಾಕ್ಟರ್ ಇದೆ. ಟ್ರ್ಯಾಲಿಯ ಹಿಂದಿನ ದೀಪ ಯಾವಾಗಲೋ ಒಡೆದು ವೈರ್ ಜೋತು ಬಿದ್ದಿತ್ತು. ಹುಲ್ಲಿನ ಟ್ರ್ಯಾಲಿಯ ಕಥೆ ಹೇಳಿದಾಗ ಮಾವ ಮೊದಲು ಒಪ್ಪಲಿಲ್ಲ. "ಇಷ್ಟ ವರ್ಷ ಹೊಡದೀನಿ ಅಳಿಯಾ, ಏನೂ ಆಗಿಲ್ಲ" ಅಂದರು. ನಾವು ಗಂಗಾವತಿಯಿಂದ ಹೊಳೆಯುವ ಕೆಂಪು ಟೇಪಿನ ಸುತ್ತು ಒಯ್ದಿದ್ದೆವು. ಸಂಜೆ ಕತ್ತಲಾದ ಮೇಲೆ ಟ್ರ್ಯಾಲಿಯನ್ನು ಹೊಲದ ದಾರಿಯಲ್ಲಿ ನಿಲ್ಲಿಸಿ, ಕಾರನ್ನು ದೂರ ನಿಲ್ಲಿಸಿ ಡಿಮ್ ಲೈಟ್ ಹಾಕಿ, ಮಾವನನ್ನೇ ಸ್ಟೇರಿಂಗ್ ಮುಂದೆ ಕೂರಿಸಿದೆವು. ಟೇಪ್ ಇಲ್ಲದಾಗ ಐವತ್ತು ಹೆಜ್ಜೆಯ ಆಚೆ ಅವರಿಗೆ ಏನೂ ಕಾಣಲಿಲ್ಲ. 80ರಲ್ಲಿ ಹೋಗುವ ಕಾರಿಗೆ ಬೇಕಾದ 68 ಮೀಟರ್ ಅದಕ್ಕಿಂತ ಜಾಸ್ತಿ. ಹಲಗೆಯ ಧೂಳು ಒರೆಸಿ ಹಿಂದೆ ಅಡ್ಡ ಎರಡು ಸಾಲು, ಎರಡೂ ಮೂಲೆಗೆ ಉದ್ದ ಒಂದೊಂದು ಸಾಲು ಟೇಪ್ ಹಚ್ಚಿದೆವು. ಹುಲ್ಲು ಇಳಿಬಿದ್ದರೂ ಮುಚ್ಚದಿರಲಿ ಅಂತ ಕೆಳಗಿನ ಕಬ್ಬಿಣಕ್ಕೂ ಒಂದು ತುಂಡು. ಆಮೇಲೆ ಅಣ್ಣ ಕಾರನ್ನು ಹಿಂದೆ, ಇನ್ನೂ ಹಿಂದೆ, ಕಾಲುವೆಯ ಸೇತುವೆಯವರೆಗೂ ಒಯ್ದ. ಅಲ್ಲಿಂದಲೂ ಕೆಂಪು ಚೌಕ ಎದ್ದು ಕಾಣುತ್ತಿತ್ತು.

ಕಾರು ಅದನ್ನು ಗಾಡಿ ಅಂತ ಗುರುತಿಸುತ್ತದಾ ಅಂತ ಅದರ ಕಡೆಗೆ ಓಡಿಸಿ ನೋಡಲು ಹೋಗಲಿಲ್ಲ. ಅಂಥ ಪರೀಕ್ಷೆ ಯಾರೂ ಮಾಡಬಾರದು. ಮಾವ ಕಾರಿನಿಂದ ಇಳಿದು ಸುತ್ತಿನಲ್ಲಿ ಎಷ್ಟು ಟೇಪ್ ಉಳಿದಿದೆ ಅಂತ ನೋಡಿದರು. ಪಕ್ಕದ ಹೊಲದವರ ಟ್ರ್ಯಾಲಿ ಅಲ್ಲೇ ಬದುವಿನ ಹತ್ತಿರ ನಿಂತಿತ್ತು. "ಬ್ಯಾಟರಿ ಹಿಡಿ ಅಳಿಯಾ" ಅಂದರು.